ಒತ್ತು, ಹಿಡಿ, ಬಿಡಬೇಡ

ನನ್ನ ಹೆಸರು 'ಹೇಳು' ಎಂದೇ ಬಹಳ ಕಾಲ ನಂಬಿದ್ದೆ. ಶಾಲೆಯಲ್ಲಿ ಉಮಾ ಎಂದು ಕೂಗಿದರೆ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದೆ. ಮನೆಯಲ್ಲಿ ಮಾತ್ರ 'ಹೇಳು' ಎನ್ನುವ ಸದ್ದು ಎದ್ದರೆ ಸಾಕು, ಕುಂಟೆಬಿಲ್ಲೆಯ ಬಿಲ್ಲೆ ಎಸೆದು ಓಡಿ ಬರುತ್ತಿದ್ದೆ. ಊಟಕ್ಕೆ ಬರಬೇಕಂತೆ ಹೇಳು. ಹಸಿವಿಲ್ಲ ಅಂತ ಹೇಳು. ಹಸಿವಿಲ್ಲ ಅನ್ನೋದನ್ನ ರೊಟ್ಟಿ ತಟ್ಟೋಕೆ ಮುಂಚೆ ಬೊಗಳಬೇಕಿತ್ತು ಅಂತ ಹೇಳು. ಭದ್ರಾವತಿಯ ನ್ಯೂ ಟೌನಿನ ಆ ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ನಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಹಾಗಾಗಿ ಇಬ್ಬರ ಪಾಲಿನ ಜಗಳವನ್ನೂ ನಾನೇ ಆಡಬೇಕಿತ್ತು.

ಮನೆಯೇನು ದೊಡ್ಡದಲ್ಲ. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಅಪ್ಪ ಕೆಲಸ ಮಾಡುವ ಕಾರ್ಖಾನೆಯವರು ಕಟ್ಟಿಸಿದ ಮನೆಗಳೆಲ್ಲ ಒಂದೇ ಅಚ್ಚಿನವು. ಮುಂದಿನ ಕೋಣೆ ಅಪ್ಪನದು, ಅಡುಗೆಮನೆ ಅಮ್ಮನದು, ನಡುಕೋಣೆ ಇಬ್ಬರಿಗೂ ಬೇಡವಾದ್ದರಿಂದ ನನ್ನದು. ಗೋಡೆಗಳು ತೆಳು. ಇತ್ತ ಗೊಣಗಿದ್ದು ಅತ್ತ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಹೇಳುವ ತನಕ ಯಾರೂ ಕೇಳಿಸಿಕೊಂಡ ಹಾಗಲ್ಲ. ದೇವರ ಮೂಲೆಯೂ ನಡುಕೋಣೆಯಲ್ಲೇ ಇತ್ತು. ಬೆಳಿಗ್ಗೆ ಇಬ್ಬರೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದರು. ಅಪ್ಪನ ಮುಖ ಪೂರ್ವದ ಗೋಡೆಗೆ, ಅಮ್ಮನದು ಪಶ್ಚಿಮದ ಗೋಡೆಗೆ, ನಡುವೆ ಎರಡು ಬೆನ್ನು. ಕಣ್ಣು ಮುಚ್ಚಿಕೊಂಡು ಇಬ್ಬರೂ ಶಿವನಿಗೆ ಚಾಡಿ ಹೇಳುತ್ತಿದ್ದಾರೆಂದೇ ನನ್ನ ಅನುಮಾನ. ಊಟದ ಹೊತ್ತಿಗೆ ಅಮ್ಮ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಆಮೇಲೆ ಶುರು.

"ಸಾರಿಗೆ ಉಪ್ಪು ಕಮ್ಮಿ ಅಂತ ಹೇಳು."

"ಅಮ್ಮ, ಉಪ್ಪು ಕಮ್ಮಿಯಂತೆ."

"ಉಪ್ಪಿನ ಡಬ್ಬ ಅಲ್ಲೇ ಮುಂದಿದೆ. ಕೈ ಬಿದ್ದೋಗಿದ್ರೆ ಹೇಳಕ್ಕೆ ಹೇಳು."

ಮೊದಮೊದಲು ಮಾತುಗಳನ್ನು ಸ್ವಲ್ಪ ತೊಳೆದು ಕೊಡುತ್ತಿದ್ದೆ. ಡಬ್ಬ ಅಲ್ಲೇ ಇದೆಯಂತೆ ಅಪ್ಪ, ಅಷ್ಟೇ. ಆಮೇಲೆ ಬೇಸರ ಬಂತು. ಯಾರದೋ ಕೊಳೆಯನ್ನು ನಾನು ಯಾಕೆ ತೊಳೆಯಲಿ? ಬಂದದ್ದನ್ನು ಬಂದ ಹಾಗೇ ತಲುಪಿಸತೊಡಗಿದೆ. ಅಪ್ಪ ನನ್ನನ್ನೇ ಗುರಾಯಿಸುತ್ತಿದ್ದರು, ಅಮ್ಮ ನನಗೇ ಬಯ್ಯುತ್ತಿದ್ದಳು. ಇಬ್ಬರ ಮೇಲೂ ನನಗೆ ಸಿಟ್ಟಿತ್ತು. ಅದೇನೂ ಮುಚ್ಚಿಡುವ ವಿಷಯವಲ್ಲ, ಈಗಲೂ ಇದೆ.

ಇದಕ್ಕೆಲ್ಲ ಕಾರಣವಾದದ್ದು ಅಂಗಳದ ನೇರಳೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಅದು ಅಮ್ಮನ ಅಪ್ಪನ ಅಂಬಾಸಿಡರ್. ಅಜ್ಜನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇತ್ತು. ಅಜ್ಜ ಸತ್ತ ಮೇಲೆ ಒಬ್ಬಳೇ ಮಗಳಾದ ಅಮ್ಮನಿಗೆ ಬೀಗ ಹಾಕಿದ ಅಂಗಡಿಯೂ ಈ ಗಾಡಿಯೂ ಬಂದವು. ಗಾಡಿಯ ಮೇಲೆ ಕಾರ್ಖಾನೆಯ ಕಪ್ಪು ಧೂಳು, ಧೂಳಿನ ಮೇಲೆ ನೇರಳೆ ಹಣ್ಣಿನ ಕಲೆ. ಹಿಂದಿನ ಸೀಟಿನ ತೆಂಗಿನ ನಾರನ್ನು ಕಿತ್ತು ಇಲಿ ಸಂಸಾರ ಹೂಡಿತ್ತು. ಟೈರುಗಳು ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದವು. ಅಪ್ಪ ಅದರ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸುತ್ತಿದ್ದರು, ಆದರೆ ಒಂದು ದಿನವೂ ಅದರತ್ತ ತಲೆ ಎತ್ತಿ ನೋಡಿದವರಲ್ಲ.

ಅಪ್ಪನ ಆ ದ್ವೇಷಕ್ಕೆ ಹಿನ್ನೆಲೆ ಇತ್ತು. ಮದುವೆಯಾದ ಹೊಸತರಲ್ಲಿ ಅಜ್ಜ ಅಳಿಯನ ಕೈಗೆ ಸ್ಟಿಯರಿಂಗ್ ಕೊಟ್ಟು ತಾವು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರಂತೆ. ಮುಂದೆ ಜಾಗವಿದ್ದರೂ ಹಿಂದೆಯೇ. ರಜೆ ಬಂದರೆ ಸಾಕು, ಅಲ್ಲಿಗೆ ಬಿಡು, ಇಲ್ಲಿಗೆ ಬಿಡು. ಆ ಗಾಡಿಯ ಬ್ರೇಕ್ ಆಗಲೇ ಕೆಟ್ಟಿತ್ತು. ಒಂದು ಸಲ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಎರಡು ಮೂರು ಸಲ ಪಂಪ್ ಹೊಡೆದ ಹಾಗೆ ಒತ್ತಿದರೆ ಹಿಡಿಯುತ್ತಿತ್ತು. ಒಂದು ದಿನ ಗಾಡಿ ತುಂಬ ನೆಂಟರನ್ನು ಕೂರಿಸಿಕೊಂಡು ಮದುವೆಗೆ ಹೋಗುವಾಗ, ಮಲವಗೊಪ್ಪದ ಹತ್ತಿರ ಕಬ್ಬಿನ ಗಾಡಿಯೊಂದು ಅಡ್ಡ ಬಂತು. ಅಪ್ಪ ಒತ್ತಿದರು, ಒತ್ತಿದರು, ಪೆಡಲ್ ನೆಲಕ್ಕೆ ಹೋಯಿತು. ಕೊನೆಗೆ ರಸ್ತೆ ಪಕ್ಕದ ಮಣ್ಣಿನ ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದರು. ಯಾರಿಗೂ ಗಾಯವಿಲ್ಲ. ಅಜ್ಜ ಇಳಿದು ಪಂಚೆ ಕೊಡವಿಕೊಂಡು ಅಷ್ಟೂ ನೆಂಟರ ಎದುರಿಗೆ ಅಂದರಂತೆ:

"ಗಾಡಿ ಬಿಡಕ್ಕೂ ಬರಲ್ಲ ಮಾರಾಯ ನಿಂಗೆ. ಇಂಥವ್ನಿಗೆ ಮಗಳನ್ನ ಕೊಟ್ನಲ್ಲ."

ಅಮ್ಮ ಗಾಡಿಯೊಳಗೇ ಕೂತಿದ್ದಳು. ಬ್ರೇಕ್ ಕೆಟ್ಟಿರುವುದು ಅವಳಿಗೂ ಗೊತ್ತಿತ್ತು. ಅವಳು ತುಟಿ ಬಿಚ್ಚಲಿಲ್ಲ. ಈ ಕತೆಯನ್ನು ಅಪ್ಪ ನನಗೆ ಹೇಳುವಾಗ ಅಜ್ಜನ ಮಾತಿನ ಹತ್ತಿರ ಅವರ ದನಿ ಏರುತ್ತಿರಲಿಲ್ಲ. 'ನಿಮ್ಮಮ್ಮ ಒಂದು ಮಾತಾಡಲಿಲ್ಲ' ಎನ್ನುವಾಗ ಏರುತ್ತಿತ್ತು. ಅಂದು ಅವಳು ಆಡದೇ ಉಳಿಸಿಕೊಂಡ ಮಾತಿನ ಲೆಕ್ಕಕ್ಕೆ ಅಪ್ಪ ತಮ್ಮ ಅಷ್ಟೂ ಮಾತನ್ನು ಅವಳಿಂದ ಕಿತ್ತುಕೊಂಡರು. ಕ್ಷುದ್ರತನ ಎಂದರೆ ಕ್ಷುದ್ರತನ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ, ನಾನೂ ಅವರ ಮಗಳೇ ತಾನೆ.

ಅಜ್ಜನ ವರ್ಷದ ಪುಣ್ಯಸ್ಮರಣೆಯ ದಿನ, ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ, ಅಂಗಡಿಯ ಬಾಗಿಲು ತಾನೇ ತೆಗೆಯುತ್ತೇನೆಂದು ಅಮ್ಮ ಹೇಳಿದಳು. ಪಾಯಸದ ಲೋಟ ಹಿಡಿದಿದ್ದ ಅಪ್ಪ ಯಾರನ್ನೂ ನೋಡದೆ ಜೋರಾಗಿ ಅಂದರು:

"ತೆಗೀಲಿ. ಅವರಪ್ಪನ ಗಾಡಿಗೆ ಬ್ರೇಕ್ ಬಂದ ದಿನ, ಅದರಲ್ಲೇ ಹೋಗಿ ಅಂಗಡಿ ಬಾಗ್ಲು ತೆಗೀಲಿ. ನಾನು ಅಡ್ಡ ಬರಲ್ಲ. ಬಾಯಿಗೇ ಬ್ರೇಕಿಲ್ಲ, ಇನ್ನು ಗಾಡಿಗೆ ಎಲ್ಲಿಂದ ತರ್ತಾಳೆ."

ನೆಂಟರು ನಕ್ಕರು. ಅಮ್ಮ ನಗಲಿಲ್ಲ. ಬಸ್ಸು ಹತ್ತಿ ಹೋಗಿದ್ದರೆ ಯಾರೂ ಹಿಡಿದುಕೊಳ್ಳುತ್ತಿರಲಿಲ್ಲ, ನಿಜ. ಆದರೆ ಆಡಿದ ಮಾತನ್ನು ಆಡಿದವರ ಬಾಯಿಗೇ ತುರುಕದೆ ಬಿಡುವ ಹೆಂಗಸಲ್ಲ ಅವಳು. ಗಾಡಿ ಬಿಡುವುದು ಅವಳಿಗೆ ಮದುವೆಗೆ ಮುಂಚೆಯೇ ಬರುತ್ತಿತ್ತು, ಲೈಸೆನ್ಸೂ ಇತ್ತು. ಮರುವಾರ ಹಳೇ ಟೌನಿನಿಂದ ಸೆಲ್ವಂ ಎನ್ನುವ ಮೆಕ್ಯಾನಿಕ್ ಬಂದ. ಟಾರ್ಪಾಲು ಸರಿಸಿ, ಇಲಿಗಳನ್ನು ಓಡಿಸಿ, ಸೀಟಿನ ತುದಿಯಲ್ಲಿ ಕೂತು ಪೆಡಲ್ ಒತ್ತಿ ನೋಡಿದ.

"ಅಮ್ಮಾ, ಇದು ಬ್ರೇಕಲ್ಲ, ಹಾರ್ಮೋನಿಯಂ. ಒತ್ತಾ ಇರ್ಬೇಕು, ಗಾಳಿ ಬರ್ತಾ ಇರುತ್ತೆ."

"ತಮಾಷೆ ಆಮೇಲೆ ಮಾಡು. ಏನು ಹಾಕಿದ್ರೆ ಒಂದೇ ಸಲಕ್ಕೆ ನಿಲ್ಲುತ್ತೆ, ಅಷ್ಟು ಹೇಳು."

ಗಾಲಿಯೊಳಗಿನ ಹಳೆಯ ಬ್ರೇಕ್ ಡ್ರಮ್ಮಿಗೇ ಹೊಸ ಲೈನರ್ ಹೊಡೆಸಿ, ರಬ್ಬರುಗಳನ್ನು ಬದಲಿಸಿದರೆ ಶಿವಮೊಗ್ಗಕ್ಕೆ ಹೋಗಿ ಬರಲು ಧಾರಾಳವಾಯಿತು ಎಂದ ಸೆಲ್ವಂ. ಅಮ್ಮನಿಗೆ ಧಾರಾಳ ಸಾಲದು. ಅಪ್ಪನಿಗೆ ಆಮೇಲೆ ಕೊಂಕು ತೆಗೆಯಲು ಸೂಜಿ ಮೊನೆಯಷ್ಟೂ ಜಾಗ ಇರಬಾರದು. ಕೊನೆಗೆ ಮುಂದಿನ ಎರಡು ಗಾಲಿಗೆ ಡಿಸ್ಕ್ ಬ್ರೇಕು, ಒತ್ತುವ ಕಾಲಿಗೆ ಬಲ ಕೊಡುವ ಬೂಸ್ಟರು ಎಂದು ತೀರ್ಮಾನವಾಯಿತು. ಇದೇ ಜಾತಿಯ ಹೊಸ ಗಾಡಿಗಳಲ್ಲಿ ಅವೆಲ್ಲ ಬರತೊಡಗಿದ್ದವು. ಅಮ್ಮನೂ ಸೆಲ್ವಂನೂ ಶಿವಮೊಗ್ಗದ ಗುಜರಿಗಳನ್ನು ಜಾಲಾಡಿ ಗೋಣಿಚೀಲದಲ್ಲಿ ತುಂಬಿಕೊಂಡು ಬಂದರು. ಅಡುಗೆಮನೆಯ ನೆಲದ ಮೇಲೆ ಪೇಪರು ಹಾಸಿ, ತುಕ್ಕು ಹಿಡಿದ ಆ ಕಬ್ಬಿಣವನ್ನೆಲ್ಲ ಅಮ್ಮ ಸೀಮೆಎಣ್ಣೆಯಲ್ಲಿ ಅದ್ದಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದಳು. ಪಾತ್ರೆ ಅಂಗಡಿಯವನ ಮಗಳು, ಉಜ್ಜುವುದು ಅವಳಿಗೆ ಹೇಳಿಕೊಡಬೇಕಾದ್ದಲ್ಲ. ಆ ದಿನಗಳಲ್ಲಿ ತಿಂದದ್ದೆಲ್ಲ ಸೀಮೆಎಣ್ಣೆ ವಾಸನೆ.

"ಅಕ್ಕಿ ರೊಟ್ಟಿಗೆ ಗ್ರೀಸ್ ಸವರಿದಾಳೆ ಅಂತ ಹೇಳು."

"ಗ್ರೀಸು ತಿರುಗೋ ಸಾಮಾನಿಗೆ ಹಾಕೋದು, ಕೂತಲ್ಲೇ ಕೂತಿರೋರಿಗಲ್ಲ ಅಂತ ಹೇಳು."

ಹೇಳಿದೆ. ಅಪ್ಪ ರೊಟ್ಟಿ ಬಿಟ್ಟು ಎದ್ದರು.

ಸೆಲ್ವಂ ಎಂಜಿನ್ ಸರಿ ಮಾಡಿ, ಟೈರಿಗೆ ಗಾಳಿ ಹೊಡೆದ. ಬ್ರೇಕ್ ಕೆಲಸಕ್ಕೆ ಸಪಾಟು ನೆಲ ಬೇಕೆಂದು ಗಾಡಿಯನ್ನು ಗೇಟಿನ ಬಳಿಯ ಸಿಮೆಂಟು ಹಾಸಿಗೆ ತಳ್ಳಿ, ಗಾಲಿ ಬಿಚ್ಚಿ, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಎಲ್ಲ ಜೋಡಿಸಿ ಆಗಿ, ಬ್ರೇಕ್ ಆಯಿಲ್ ತುಂಬಿಸಿ, ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುವ ಕೆಲಸವೊಂದು ಉಳಿದಿತ್ತು. ಮೆಕ್ಯಾನಿಕ್‌ಗಳು ಅದಕ್ಕೆ ಏರ್ ತೆಗೆಯುವುದು ಎನ್ನುತ್ತಾರೆ. ಹಿಂದಿನ ಗಾಲಿಗಳದು ಮುಗಿಯಿತು. ಅಮ್ಮ ಪೆಡಲ್ ಒತ್ತಿದಳು, ಸೆಲ್ವಂ ಕೆಳಗೆ ಮಲಗಿ ಏರ್ ತೆಗೆದ. ಮುಂದಿನದಕ್ಕೆ ಕೈ ಹಾಕುವ ಹೊತ್ತಿಗೆ ಅಪ್ಪ ಪಾಳಿ ಮುಗಿಸಿ ಬಂದರು. ಗೇಟಿನಲ್ಲಿ ಗಾಡಿ, ಗಾಡಿಯಲ್ಲಿ ಹೆಂಡತಿ, ಕೆಳಗಿನಿಂದ ಚಾಚಿಕೊಂಡ ಎರಡು ಗಂಡಸಿನ ಕಾಲು. ಗೋಡೆ ಬದಿಯ ಸಂದಿನಲ್ಲಿ ಸ್ಕೂಟರನ್ನು ಹೇಗೋ ಒಳಗೆ ತಳ್ಳಿಕೊಂಡು ಬಂದು ಕೂಗಿದರು:

"ಏನಯ್ಯಾ, ಗಂಡಸಿಲ್ಲದ ಮನೆ ಅಂದ್ಕೊಂಡಿದೀಯಾ?"

ಸೆಲ್ವಂ ಹೊರಬಂದು ಬೆನ್ನು ಕೊಡವಿಕೊಂಡ.

"ಸಾರ್, ನಾನ್ ಬಂದಿದ್ದು ಬ್ರೇಕ್ ಮಾಡಕ್ಕೆ. ಬೈಸ್ಕೊಳಕ್ಕೆ ನಮ್ ಮನೇಲೇ ಜನ ಇದಾರೆ."

ಪೆಟ್ಟಿಗೆ ಎತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಮುಂದಿನ ಗಾಲಿಯ ನಿಪ್ಪಲ್ಲಿಗೆ, ಅಂದರೆ ಗಾಳಿ ಬಿಡುವ ಪುಟ್ಟ ತಿರುಪಿಗೆ, ಸಿಕ್ಕಿಸಿದ್ದ ಸ್ಪ್ಯಾನರ್ ಮಾತ್ರ ಅಲ್ಲೇ ಉಳಿಯಿತು. ಅವನು ಹೋದದ್ದೇ ಅಮ್ಮ ಗಾಡಿಯಿಂದ ಇಳಿದು, ಗಾಡಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಬಿಚ್ಚಿದ ನಾಲ್ಕೂ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿದಳು. ಸ್ಕೂಟರ್ ಒಳಗೇ ಸೆರೆಯಾಯಿತು. ಅಪ್ಪ ಪಾಳಿಗೆ ನಡೆದು ಹೋದರು. ಎದುರು ಮನೆಯವರು ಗೇಟಿಗೆ ಒರಗಿ ನಿಂತು "ಏನ್ ಸಾರ್, ವಾಕಿಂಗಾ?" ಎಂದು ದಿನವೂ ವಿಚಾರಿಸಿಕೊಂಡರು. ವಾರದ ರಜೆಯ ಬೆಳಿಗ್ಗೆ ಅಪ್ಪ ಮುಂದಿನ ಕೋಣೆಯಿಂದ ಕೂಗಿದರು.

"ಸ್ಕೂಟರ್ ಆಚೆ ತೆಗೀಬೇಕು, ಗಾಲಿ ಸರಿಸಕ್ಕೆ ಹೇಳು."

"ಬ್ರೇಕ್ ಆಗ್ದೆ ಗಾಲಿ ಹಾಕಲ್ಲ ಅಂತ ಹೇಳು. ಯಾರಾದ್ರೂ ಕೂತು ಪೆಡಲ್ ಒತ್ತಿದ್ರೆ ಮಧ್ಯಾಹ್ನದೊಳಗೆ ಆಗುತ್ತೆ ಅಂತಾನೂ ಹೇಳು."

ನಾನು ಆಗಲೇ ಒತ್ತಿ ನೋಡಿದ್ದೆ. ಸೀಟಿನಿಂದ ಕಾಲು ನಿಲುಕುತ್ತಿರಲಿಲ್ಲ, ಮೇಲೆ ಹತ್ತಿ ನಿಂತರೂ ಪೆಡಲ್ ಸರಿಯಾಗಿ ಬಗ್ಗುತ್ತಿರಲಿಲ್ಲ. ಅಪ್ಪ ಬನಿಯನ್ನಿನಲ್ಲೇ ಎದ್ದು ಬಂದರು. ಮಾವನ ಗಾಡಿಯ ಕೆಳಗೆ ಅಂಗಾತ ಮಲಗುವ ಮಾತು ದೂರವೇ ಉಳಿಯಿತು, ಒಳಗೆ ಕೂರುವುದೇ ಅವರಿಗೆ ಕಷ್ಟವಾದಂತಿತ್ತು. ಬಾಗಿಲು ತೆಗೆದಿಟ್ಟು, ಒಂದು ಕಾಲು ಹೊರಗೇ ಬಿಟ್ಟುಕೊಂಡು ಕೂತರು. ಅಮ್ಮ ಸೀರೆ ಎತ್ತಿ ಸಿಕ್ಕಿಸಿ ಬಿಚ್ಚಿದ ಮುಂದಿನ ಗಾಲಿಯ ಜಾಗದಲ್ಲಿ ಗೋಣಿಚೀಲದ ಮೇಲೆ ಮಲಗಿದಳು. ನಾನು ಇಬ್ಬರಿಗೂ ಕಾಣುವ ಹಾಗೆ ಬಾನೆಟ್ಟಿನ ಪಕ್ಕ ನಿಂತೆ.

ಕೆಲಸ ಸುಲಭ. ಮೇಲಿರುವವರು ಪೆಡಲ್ ಒತ್ತಿ ಹಿಡಿದಿರಬೇಕು. ಕೆಳಗಿರುವವರು ಆಗ ನಿಪ್ಪಲ್ ಸಡಿಲಿಸಬೇಕು. ಆಯಿಲಿನ ಜೊತೆ ಗಾಳಿ ಗುಳ್ಳೆ ಗುಳ್ಳೆಯಾಗಿ, ನಿಪ್ಪಲ್ಲಿಗೆ ಸಿಕ್ಕಿಸಿದ ಸಣ್ಣ ಕೊಳವೆಯಲ್ಲಿ ಕೆಳಗಿಟ್ಟ ಬಾಟಲಿಗೆ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಕಾಲು ತೆಗೆಯಬೇಕು. ಮುಂಚೆ ತೆಗೆದರೆ ಹೋದ ಗಾಳಿ ಅಷ್ಟೂ ವಾಪಸು ಒಳಗೆ.

"ಒತ್ತಕ್ಕೆ ಹೇಳು."

"ಅಪ್ಪ, ಒತ್ತಬೇಕಂತೆ."

"ಒತ್ತಿದೀನಿ ಅಂತ ಹೇಳು."

"ಒತ್ತಿದಾರಂತೆ ಅಮ್ಮ."

"ಸರಿ, ಈಗ ಬಿಡ್ಬೇಡಿ ಅಂತ..."

ಬಿಡ್ ಎನ್ನುವಷ್ಟರಲ್ಲೇ ಅಪ್ಪ ಕಾಲು ತೆಗೆದರು. ಬಾಟಲಿಯ ಆಯಿಲು ಸೊರ್ರೆಂದು ಕೊಳವೆಯೊಳಗೆ ಹಿಂದಕ್ಕೆ ಹೋಯಿತು. ಮತ್ತೆ ಒತ್ತಿದರು, ಮತ್ತೆ ಅದೇ ಆಯಿತು. ಅಮ್ಮ 'ಬಿಡ್ಬೇಡಿ' ಅಂದರೆ ಬೇಡ ಎನ್ನುವುದು ಬರುವ ಮೊದಲೇ ಅವರ ಕಾಲು ಬಿಟ್ಟಿರುತ್ತಿತ್ತು. ನಾನು 'ಬಿಡಬಾರದಂತೆ' ಎಂದರೂ ಅಷ್ಟೇ, ಬಾರದು ಎನ್ನುವುದು ಕೊನೆಗೇ ತಾನೇ ಬರುವುದು. ಬಿಸಿಲು ಏರಿತು. ಅಮ್ಮನ ಮೊಣಕೈವರೆಗೆ ಆಯಿಲು ಇಳಿಯಿತು.

"ಕಿವಿ ಕೇಳ್ಸುತ್ತಾ ಇಲ್ವಾ ಅಂತ ಕೇಳು."

"ಪೂರ್ತಿ ಮಾತಾಡಕ್ಕೆ ಹೇಳು. ಬಿಡು ಅಂತಾಳೆ, ಬಿಟ್ರೆ ಯಾಕ್ ಬಿಟ್ಟೆ ಅಂತಾಳೆ. ಹುಟ್ಟಿದಾಗಿಂದ ಇದೇ ಬುದ್ಧಿ ಅಂತ ಹೇಳು."

"ಬೇಕು ಅಂತ್ಲೇ ಬಿಡ್ತಿದಾರೆ, ಗಾಡಿ ಆಗಬಾರದು ಅಂತ. ನಂಗೊತ್ತು ಅಂತ ಹೇಳು."

ನಾನು ಬಾಯಿ ತೆರೆದೆ. ಇಬ್ಬರನ್ನೂ ನೋಡಿದೆ. ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುವಷ್ಟು ಹತ್ತಿರದಲ್ಲಿ, ಒಂದು ತಗಡಿನ ಆಚೆ ಈಚೆ ಇದ್ದರು ಇಬ್ಬರೂ. ನನ್ನ ನೆತ್ತಿ ಸುಡುತ್ತಿತ್ತು.

"ನಾನು ಯಾರಿಗೂ ಏನೂ ಹೇಳಲ್ಲ. ಬೇಕಾದ್ರೆ ನೀವೇ ಹೇಳ್ಕೊಳ್ಳಿ, ಇಲ್ಲಾಂದ್ರೆ ಹಿಂಗೇ ಸಾಯಿರಿ."

ಬೆನ್ನ ಹಿಂದೆ ಅಪ್ಪ "ಏಯ್" ಎಂದರು. ನಾನು ಹೋಗಿ ಪೇರಿಸಿದ ಗಾಲಿಗಳ ಮೇಲೆ ಹತ್ತಿ, ರಸ್ತೆಗೆ ಮುಖ ಮಾಡಿ ಕೂತೆ. ಅಲ್ಲಿಂದ ಇಲ್ಲಿಯವರೆಗೆ ನಾನು ಯಾರ ಮಾತನ್ನೂ ಹೊತ್ತವಳಲ್ಲ. ಆಫೀಸಿನಲ್ಲಿ, ಗಂಡನ ಮನೆಯಲ್ಲಿ, ನಾದಿನಿಯರ ನಡುವೆ, 'ಅವರಿಗೆ ಹೇಳು' ಎಂದವರಿಗೆಲ್ಲ 'ನಿಮ್ಮ ಬಾಯಿಗೆ ಏನಾಗಿದೆ' ಎಂದು ಕೇಳಿದ್ದೇನೆ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೆಸರು ಪಡೆದಿದ್ದೇನೆ. ಇರಲಿ. ಆ ಗಾಡಿ ಈಗ ಶಿವಮೊಗ್ಗದ ಆಲ್ಕೊಳದ ನನ್ನ ಮನೆಯ ಶೆಡ್ಡಿನಲ್ಲಿದೆ, ಅದರ ಬಾನೆಟ್ಟಿನ ಪಕ್ಕ ನಿಂತಾಗ ಈಗಲೂ ನನ್ನ ನೆತ್ತಿ ಬಿಸಿಯಾಗುತ್ತದೆ.

ಅಂದು ಕಾಗೆಯೊಂದು ಬಂದು ಗೇಟಿನ ಮೇಲೆ ಕೂತು ಹೋಯಿತು. ಆಮೇಲೆ ಗಾಡಿಯ ಕೆಳಗಿನಿಂದ ಅಮ್ಮ ಕೂಗಿದಳು.

"ರೀ."

ನಾನು ತಿರುಗಲಿಲ್ಲ. ಆ ಅಕ್ಷರವನ್ನು ನಮ್ಮ ಮನೆಯಲ್ಲಿ ಕೇಳಿ ಯಾವ ಕಾಲವಾಗಿತ್ತೋ.

"ರೀ, ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡ್ಕೊಂಡಿದೀನಿ."

"ಹಿಡ್ಕೊಳ್ಳಿ, ಹಿಡ್ಕೊಳ್ಳಿ... ಹಾಂ. ಬಿಡಿ."

ಬಿಡಬೇಡಿ ಎನ್ನುವ ಮಾತನ್ನೇ ಅವಳು ಕೈಬಿಟ್ಟಿದ್ದಳು. ಎರಡೂ ಗಾಲಿ ಮುಗಿಯುವ ತನಕ ಆ ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಇಬ್ಬರೂ ಆಡಲಿಲ್ಲ. ಸಮಾಧಾನವೆಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಒಂದೊಂದು 'ಒತ್ತಿ'ಯಲ್ಲೂ ಸಿಟ್ಟು ಕುದಿಯುತ್ತಿತ್ತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಅಪ್ಪ ಇಳಿದು ಹೋಗಿ, ಏನನ್ನೂ ಮುಟ್ಟದಿದ್ದ ಕೈಗಳನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದರು. ಅಮ್ಮ ಒಬ್ಬಳೇ ನಾಲ್ಕೂ ಗಾಲಿ ಹಾಕಿದಳು.

ಮರುದಿನ ಬೆಳಿಗ್ಗೆ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಗಾಡಿ ಸ್ಟಾರ್ಟ್ ಮಾಡಿದಳು. ಅಂಗಡಿಯ ಬೀಗದ ಕೈ ಗೊಂಚಲನ್ನು ನನ್ನ ತೊಡೆಯ ಮೇಲೆ ಹಾಕಿ ಮುಂದೆ ಕೂರಿಸಿಕೊಂಡಳು. ಅಷ್ಟರಲ್ಲಿ ಅಪ್ಪ ಬಂದರು. ಬ್ರೇಕ್ ಬಂದಿದೆ ಎಂದು ಒಪ್ಪಬೇಕಾದವರು ತಾವು, ನೋಡದೆ ಒಪ್ಪುವವರಲ್ಲ ಎನ್ನುವುದು ಅವರ ನಡಿಗೆಯಲ್ಲೇ ಇತ್ತು. ಹಿಂದಿನ ಬಾಗಿಲು ತೆಗೆದು, ಇಲಿ ಕಿತ್ತ ಸೀಟಿನ ನಡುಮಧ್ಯೆ, ಅಜ್ಜ ಕೂರುತ್ತಿದ್ದ ಜಾಗದಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತರು. ಅಮ್ಮ ಕನ್ನಡಿಯಲ್ಲಿ ನೋಡಿದಳು. ಅವಳ ಕಿವಿ ಕೆಂಪಾಯಿತು. ಗಾಡಿಯನ್ನು ಗೇಟು ದಾಟಿಸಿದಳು.

ಶಿವಮೊಗ್ಗದ ರಸ್ತೆ ಹಿಡಿದ ಮೇಲೆ ಹಿಂದಿನಿಂದ ಮಾತು ಬಂತು. "ನಿಧಾನ ಬಿಡಕ್ಕೆ ಹೇಳು." ನಾನು ಬೀಗದ ಕೈಗಳನ್ನು ಎಣಿಸುತ್ತ ಕೂತೆ. "ಎಡಕ್ಕೆ ಇಟ್ಕೊಳಕ್ಕೆ ಹೇಳು." ಲಾರಿಯೊಂದು ದಾಟಿ ಹೋಯಿತು. ಮೂರನೆಯ ಸಲ 'ಹೇಳು' ಬರಲಿಲ್ಲ.

ಮಲವಗೊಪ್ಪ ಬಂತು. ಮುಂದೆ ಗಾಡಿಯಿಲ್ಲ, ದನವಿಲ್ಲ, ರಸ್ತೆ ಖಾಲಿ. ಅಮ್ಮ ಏನೂ ಕಾರಣವಿಲ್ಲದೆ ಬ್ರೇಕ್ ಮೇಲೆ ಕಾಲಿಟ್ಟಳು, ಒಂದೇ ಸಲ. ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ದಡ್, ದಡ್, ದಡ್ ಎಂದು ಸದ್ದು ಬಂತು. ಅಪ್ಪನ ಬಲಗಾಲು ಗಾಡಿಯ ನೆಲವನ್ನು ಒತ್ತುತ್ತಿತ್ತು. ಗಾಡಿ ಮೂಗು ತಗ್ಗಿಸಿ ನಿಂತ ಮೇಲೂ ಒಂದು ಸಲ ಒತ್ತಿತು.

ಎಂಜಿನ್ ಗುರುಗುಡುತ್ತಿತ್ತು. ಅಮ್ಮ ತಿರುಗದೆ ಅಂದಳು:

"ನಿಂತಿದೆ. ಕಾಲು ತೆಗೀರಿ."

"ಅವತ್ತು ಇಲ್ಲೇ ಕೂತಿದ್ದೆ ನೀನು," ಅಪ್ಪ ಅಂದರು, "ಇದೇ ಗಾಡೀಲಿ. ಬ್ರೇಕಿಲ್ಲ ಅಂತ ಒಂದು ಮಾತು ಆಡ್ಲಿಲ್ಲ."

"ಆಡ್ಲಿಲ್ಲ. ಅಪ್ಪನ ಮುಂದೆ ನಂಗೆ ಬಾಯಿ ಬರ್ಲಿಲ್ಲ. ಅದನ್ನ ಇಷ್ಟು ವರ್ಷ ಮಗು ಹತ್ರ ಹೇಳ್ಕೊಂಡು ಓಡಾಡಿದ್ರಲ್ಲ, ಒಂದು ದಿನ ನನ್ನ ಹತ್ರ ಕೇಳಿದ್ರಾ? ಈಗ ಹಿಂದೆ ಕೂತು ನಮ್ಮಪ್ಪ ಆಗಕ್ಕೆ ಹೊರಟಿದೀರಾ? ನಾನು ಯಾರ ಡ್ರೈವರೂ ಅಲ್ಲ. ಮುಂದೆ ಬಂದು ಕೂರಿ, ಇಲ್ಲ ಇಳೀರಿ."

ಬಾಗಿಲು ತೆರೆದ ಸದ್ದಾಯಿತು. ನಾನು ಸೀಟಿನ ಅಂಚಿಗೆ ಸರಿದು ಜಾಗ ಮಾಡಿದೆ. ಅಪ್ಪ ಇಳಿದು ಮುಂದಿನ ಬಾಗಿಲವರೆಗೆ ಬಂದರು. ಹಿಡಿಕೆಗೆ ಕೈ ಹಾಕಿದರು. ತೆಗೆಯಲಿಲ್ಲ. ಭದ್ರಾವತಿ ಕಡೆಯ ಬಸ್ಸು ಬರುತ್ತದೇನೋ ಎಂದು ರಸ್ತೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹೇಳು" ಎಂದು ತುಟಿ ಅಲುಗಿತು. ನಾನು ನೆಟ್ಟಗೆ ಅವರನ್ನೇ ನೋಡುತ್ತ ಕೂತೆ. ಅಳು ಬರುತ್ತಿತ್ತು, ಆದರೂ ಕಣ್ಣು ತೆಗೆಯಲಿಲ್ಲ.

ಅಪ್ಪ ಹಿಡಿಕೆಯಿಂದ ಕೈ ತೆಗೆದರು. ಹೊರಗೆ ನಿಂತೇ ಕಿಟಕಿಗೆ ಬಗ್ಗಿ, ನನ್ನ ತಲೆಯ ಮೇಲಿಂದ, ಅಮ್ಮನ ಮುಖ ನೋಡಿ ಹೇಳಿದರು.

"ಬ್ರೇಕ್ ಬಂದಿದೆ. ಬಿಡು ಗಾಡಿ."

ಅಮ್ಮ ಬಿಟ್ಟಳು.